ಗುರುಗಳಿಗೆ ಗೊತ್ತಿರಲಿಲ್ಲ

ಸೂರ್ಯ ಮುಳುಗಿದ ಮೇಲೂ ಕಪ್ಪು ಕನ್ನಡಕ ತೆಗೆಯದವನನ್ನು ಕಂಡರೆ ನಮ್ಮ ಕಡೆಯ ಜನ ಕಣ್ಣುಬೇನೆ ಇರಬೇಕೆಂದು ಎರಡು ಮಾರು ದೂರ ನಿಲ್ಲುತ್ತಾರೆ. ಅಮೆರಿಕದ ಕಾಲೇಜು ಫುಟ್‌ಬಾಲ್‌ನವರು ಉದಾರಿಗಳು. ಅಂಥವನಿಗೆ ತಂಡದ ಅಂಗಿ, ಟೋಪಿ ತೊಡಿಸಿ, ಮೈದಾನದ ಗೆರೆಯ ಪಕ್ಕದಲ್ಲಿ ಕೋಚ್‌ಗಳ ಸಾಲಿನಲ್ಲೇ ನಿಲ್ಲಿಸಿಕೊಳ್ಳುತ್ತಾರೆ. 2023ರ ಸೆಪ್ಟೆಂಬರ್ 1ರ ಸಂಜೆ ಈಸ್ಟ್ ಲ್ಯಾನ್ಸಿಂಗ್‌ನ ಸ್ಪಾರ್ಟನ್ ಕ್ರೀಡಾಂಗಣದಲ್ಲಿ ಮಿಷಿಗನ್ ಸ್ಟೇಟ್ ಮತ್ತು ಸೆಂಟ್ರಲ್ ಮಿಷಿಗನ್ ತಂಡಗಳು ಆಡುತ್ತಿದ್ದವು. ಕನ್ನಡಕದವನು ತೊಟ್ಟಿದ್ದುದು ಸೆಂಟ್ರಲ್ ಮಿಷಿಗನ್ ವೇಷ. ಸಂಬಳ ಮಾತ್ರ ಬರುತ್ತಿದ್ದುದು ಆ ಪಂದ್ಯಕ್ಕೂ ತನಗೂ ಸಂಬಂಧವೇ ಇಲ್ಲದ ಮೂರನೆಯ ಮನೆಯಿಂದ, ಅಂದರೆ ಬರೀ ಮಿಷಿಗನ್ ವಿಶ್ವವಿದ್ಯಾಲಯದಿಂದ. ಚಿತ್ರ ಬಯಲಾದಾಗ ಸೆಂಟ್ರಲ್ ಮಿಷಿಗನ್‌ನ ಮುಖ್ಯ ಕೋಚ್ ಹೇಳಿದ್ದು ಇಷ್ಟೇ: ಅವನು ನಮ್ಮ ನಡುವೆ ನಿಂತಿದ್ದುದು ನಮಗೆ ಗೊತ್ತೇ ಇರಲಿಲ್ಲ.

ಆ ಕನ್ನಡಕದವನ ಹೆಸರು ಕಾನರ್ ಸ್ಟಾಲಿಯನ್ಸ್. ವರ್ಷಕ್ಕೆ 55,000 ಡಾಲರ್ ಸಂಬಳದ ಸಣ್ಣ ನೌಕರ. ಮುಂದೆ ಎದುರಾಗಲಿರುವ ತಂಡಗಳ ಪಂದ್ಯಗಳಿಗೆ ಟಿಕೆಟ್ ಕೊಂಡು, ಪರಿಚಯದವರನ್ನು ಕಳುಹಿಸಿ, ಅಲ್ಲಿನ ಕೋಚ್‌ಗಳು ಮುಂದಿನ ನಡೆ ಏನೆಂದು ಆಟಗಾರರಿಗೆ ತಿಳಿಸಲು ಮಾಡುವ ಕೈಸನ್ನೆಗಳನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ತರಿಸುತ್ತಿದ್ದ. ಮೂರು ವರ್ಷ, ಐವತ್ತಕ್ಕೂ ಹೆಚ್ಚು ಪಂದ್ಯಗಳು. ಇದರಲ್ಲಿ ಒಂದು ಸೊಗಸಿದೆ. ಎದುರಾಳಿಯ ಸನ್ನೆ ಕದಿಯುವುದು ಆ ಆಟದಲ್ಲಿ ತಪ್ಪಲ್ಲ. ಟಿಕೆಟ್ ಕೊಂಡು, ಹೋಗಿ, ಕೂತು ಕದಿಯುವುದು ತಪ್ಪು. 1994ರಿಂದ ಅದಕ್ಕೆ ನಿಷೇಧವಿದೆ. ಅಂದರೆ ಪಕ್ಕದ ಮನೆಯ ಸಾರಿನ ಗುಟ್ಟನ್ನು ಒಗ್ಗರಣೆಯ ವಾಸನೆಯಿಂದ ಹಿಡಿದರೆ ಜಾಣತನ, ಊಟಕ್ಕೆ ಹೋಗಿ ಹಿಡಿದರೆ ಅಪರಾಧ. ಆಟಗಾರರ ಹೆಲ್ಮೆಟ್ಟಿನೊಳಗೆ ಪುಟ್ಟ ರೇಡಿಯೋ ಇಟ್ಟಿದ್ದರೆ ಸನ್ನೆಯೂ ಬೇಡ, ಕಳವೂ ಬೇಡ. ವೃತ್ತಿಪರ ಲೀಗಿನಲ್ಲಿ ಅದೂ 1994ರಿಂದಲೇ ಇದೆ. ಕಾಲೇಜುಗಳಿಗೆ ಮಾತ್ರ ಅದು 2024ರಲ್ಲಿ ಬಂತು, ಕಳ್ಳ ಸಿಕ್ಕಿಬಿದ್ದ ಮರುವರ್ಷ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರು ಎಲ್ಲ ದೇಶದಲ್ಲೂ ಇದ್ದಾರೆ ಎಂಬುದು ನನಗೊಂದು ಸಮಾಧಾನ.

ಕಾಲೇಜು ಕ್ರೀಡೆಗಳ ದೊಡ್ಡಣ್ಣನಾದ ಎನ್‌ಸಿಎಎ 2025ರ ಆಗಸ್ಟ್ 15ರಂದು ತೀರ್ಪು ಕೊಟ್ಟಿತು. ಅದರಲ್ಲಿ ನನಗೆ ಬಹಳ ಇಷ್ಟವಾದದ್ದು ಕೊಳದ ಪ್ರಸಂಗ. ತನಿಖೆ ಶುರುವಾಗುತ್ತಲೇ ಸ್ಟಾಲಿಯನ್ಸ್ ತನ್ನ ಫೋನನ್ನು ಒಂದು ಕೊಳಕ್ಕೆ ಎಸೆದನಂತೆ. ನಾವು ಗಣಪತಿ ಬಿಡುತ್ತೇವಲ್ಲ, ಹಾಗೆ. ಮಂಗಳಾರತಿಯೊಂದು ಮಾತ್ರ ಬಾಕಿ. ಅವನ ಮೇಲಿನ ಸಹಾಯಕ ಕೋಚ್ ಶೆರೋನ್ ಮೂರ್ ಕೊಳದವರೆಗೆ ಹೋಗುವ ಶ್ರಮ ಪಡಲಿಲ್ಲ. ಸುದ್ದಿ ಹೊರಬಿದ್ದ ದಿನವೇ, ಇಬ್ಬರ ನಡುವೆ ಓಡಾಡಿದ್ದ 52 ಸಂದೇಶಗಳನ್ನು ಅಳಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಹಳೆಯ ಕಾಲ. ಈಗ ಇನ್‌ಬಾಕ್ಸ್ ಮುಟ್ಟಿ ನೋಡಿಕೊಳ್ಳುತ್ತಾರೆ. ಸಂದೇಶಗಳು ಆಮೇಲೆ ಸಿಕ್ಕವು. ಮೂರ್ ಅಷ್ಟರಲ್ಲಿ ಮುಖ್ಯ ಕೋಚ್ ಆಗಿದ್ದರು.

ಇವರಿಬ್ಬರಿಗೂ ಮೇಲಿದ್ದವರು ಆಗಿನ ಮುಖ್ಯ ಕೋಚ್ ಜಿಮ್ ಹಾರ್ಬಾ. ಸುಳ್ಳು ಹೇಳಬೇಡಿ, ಮೋಸ ಮಾಡಬೇಡಿ, ಕದಿಯಬೇಡಿ ಎಂದು ಹುಡುಗರಿಗೆ ಕಲಿಸುತ್ತೇನೆಂದು ಹೇಳಿಕೊಳ್ಳುವವರು. ನಮ್ಮಲ್ಲಾದರೆ ಅದನ್ನು ಹಳದಿ ಬಣ್ಣದಲ್ಲಿ ಶಾಲೆಯ ಕಾಂಪೌಂಡಿನ ಮೇಲೆ ಬರೆಸಿ, ಪಕ್ಕದಲ್ಲಿ 'ಇಲ್ಲಿ ಮೂತ್ರ ಮಾಡಬಾರದು' ಎಂದೂ ಬರೆಸುತ್ತಿದ್ದರು. ಸನ್ನೆ ಕದಿಯುತ್ತಿದ್ದುದರ ಬಗ್ಗೆ ಅವರ ಹೇಳಿಕೆಯೂ ಅದೇ: ನನಗೆ ಗೊತ್ತಿರಲಿಲ್ಲ.

ನನಗೆ ಇಲ್ಲೇ ನಮ್ಮ ಪಿ.ಇ. ಮಾಸ್ತರರು ನೆನಪಾಗುವುದು. ನಾನು ಓದಿದ್ದು ಒಂದು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ. ಮಾಸ್ತರರ ಕತ್ತಿನಲ್ಲಿ ಸದಾ ಸೀಟಿ. ಯಾರ ಹಿಮ್ಮಡಿ ಒಡೆದಿದೆ, ಯಾರು ಬೆಳಿಗ್ಗೆ ಓಡುವ ಬದಲು ಬಸ್ ನಿಲ್ದಾಣದ ಹಿಂದೆ ಬೀಡಿ ಸೇದಿ ಬಂದಿದ್ದಾನೆ, ಯಾವ ಹುಡುಗ ಯಾವ ಹುಡುಗಿಗೆ ನೋಟ್ಸ್ ಬರೆದುಕೊಡುತ್ತಿದ್ದಾನೆ, ಎಲ್ಲವೂ ಅವರಿಗೆ ಗೊತ್ತು. ನಾನು ಕ್ಯಾಂಟೀನಿನಲ್ಲಿ ಎರಡನೆಯ ಮಸಾಲೆದೋಸೆ ತಿಂದದ್ದನ್ನು ನನ್ನ ನಡಿಗೆ ನೋಡಿಯೇ ಹೇಳಿದ್ದರು. ಒಮ್ಮೆ ಅಂತರ ಕಾಲೇಜು ಕಬಡ್ಡಿಯಲ್ಲಿ ನಮ್ಮ ಪರವಾಗಿ ಹೊಸಬನೊಬ್ಬ ರೈಡ್ ಮಾಡಲು ಬಂದ. ದಪ್ಪ ಮೀಸೆ, ಹೆಗಲ ಮೇಲೆ ಟವೆಲ್. ಪಂದ್ಯಕ್ಕೆ ಮುಂಚೆ ಎರಡು ವರ್ಷದ ಮಗಳನ್ನು ಸೊಂಟದಿಂದ ಇಳಿಸಿ ಹೆಂಡತಿಯ ಕೈಗೆ ಕೊಟ್ಟು ಅಂಕಣಕ್ಕೆ ಇಳಿದಿದ್ದ. ಪಟ್ಟಿಯಲ್ಲಿದ್ದುದು ನಮ್ಮ ತರಗತಿಯ ಪೀಚು ಹುಡುಗನೊಬ್ಬನ ಹೆಸರು. ತೀರ್ಪುಗಾರರು ಹೆಸರು ಕೇಳಿದಾಗ ಪುಣ್ಯಾತ್ಮ ತನ್ನ ನಿಜವಾದ ಹೆಸರನ್ನೇ ಹೇಳಿಬಿಟ್ಟ. ಮಾಸ್ತರರನ್ನು ಕರೆಸಿದರು. ಅವರು ಮೀಸೆಯವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇವನು ಯಾರೆಂದೇ ನನಗೆ ಗೊತ್ತಿಲ್ಲ ಸಾರ್" ಎಂದರು. ಮೀಸೆಯವನಿಗೆ ನಿಜಕ್ಕೂ ನೋವಾಯಿತು. "ಏನು ಭಾವ, ಹೀಗೆ ಹೇಳುತ್ತೀರಿ?" ಎಂದ.

ಅಷ್ಟೇ. ನಮ್ಮ ತಂಡ ವಾಪಸು ಬಸ್ಸು ಹತ್ತಿತು. ಮಾಸ್ತರರು ಮನೆಯಲ್ಲಿ ಹೆಂಡತಿಗೆ ಏನು ಹೇಳಿದರೋ ತಿಳಿಯದು.

ಅಮೆರಿಕದಲ್ಲಿ ಇಷ್ಟು ಒರಟಾಗಿ ಕಾರ್ಯಕ್ರಮ ಮುಗಿಯುವುದಿಲ್ಲ. ಅಲ್ಲಿ ಹಲವು ರಾಜ್ಯಗಳಲ್ಲಿ ಸರ್ಕಾರದಿಂದ ಅತಿ ಹೆಚ್ಚು ಸಂಬಳ ಪಡೆಯುವವರು ರಾಜ್ಯಪಾಲರಲ್ಲ, ಸರ್ಕಾರಿ ವಿಶ್ವವಿದ್ಯಾಲಯದ ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಕೋಚ್. ಆ ಸಂಬಳ ಎಲ್ಲವನ್ನೂ ತಿಳಿದಿರುವುದಕ್ಕೆ: ಹುಡುಗ ಎಷ್ಟು ಗಂಟೆ ಮಲಗಿದ, ಎಷ್ಟು ತಿಂದ, ಮೊಣಕಾಲಿನ ಯಾವ ಮಗ್ಗುಲು ನೋಯುತ್ತಿದೆ. ತನಿಖೆಯವರು ಬಂದ ದಿನ ಅದೇ ಸಂಬಳಕ್ಕೆ ಏನೂ ತಿಳಿಯದಿರುವುದೂ ಸೇರಿರುತ್ತದೆ. ಇಂಥ ಬಹುಮುಖ ಪ್ರತಿಭೆಗೆ ಕೋಟಿ ಕೊಟ್ಟರೂ ಕಡಿಮೆಯೇ.

ಹಾರ್ಬಾ ಅವರಿಗೆ ಶಿಕ್ಷೆಯಾಗಲಿಲ್ಲ ಎನ್ನುವಂತಿಲ್ಲ. ಹತ್ತು ವರ್ಷದ ಷೋಕಾಸ್ ಆಯಿತು. ನಮ್ಮ ಸರ್ಕಾರಿ ನೌಕರರು ಈ ಪದ ಕೇಳಿ ನಗಬಾರದು. ಇಲ್ಲಿ ಷೋಕಾಸ್ ಎಂದರೆ ಉತ್ತರ ಬರೆದು ಮರೆಯುವ ಕಾಗದ. ಅಲ್ಲಿ ಅದೊಂದು ನಿಷೇಧ. ಇಂಥವರನ್ನು ನೇಮಿಸಿಕೊಳ್ಳಬಯಸುವ ಕಾಲೇಜು ತಾನೇಕೆ ದಂಡಕ್ಕೆ ಅರ್ಹವಲ್ಲ ಎಂದು ಕಾರಣ ತೋರಿಸಬೇಕು. ಆದರೆ ಈ ಹತ್ತು ವರ್ಷ ಶುರುವಾಗುವುದೇ 2028ರ ಆಗಸ್ಟ್‌ನಲ್ಲಿ. ಏಕೆಂದರೆ ಕೋವಿಡ್ ಕಾಲದಲ್ಲಿ ಭೇಟಿಗೆ ನಿರ್ಬಂಧವಿದ್ದಾಗ ತಂಡಕ್ಕೆ ಸೆಳೆಯಬೇಕಿದ್ದ ಹುಡುಗರನ್ನು ಕಂಡದ್ದು, ಅವರಿಗೆ ಬರ್ಗರ್ ತಿನ್ನಿಸಿದ್ದು, ಅದನ್ನು ಕೇಳಿದವರ ದಾರಿ ತಪ್ಪಿಸಿದ್ದು ಎಂದು ನಾಲ್ಕು ವರ್ಷದ ಹಳೆಯ ಷೋಕಾಸ್ ಇನ್ನೂ ಚಾಲ್ತಿಯಲ್ಲಿದೆ. ಮೊದಲು ಅದು ಮುಗಿಯಬೇಕು. ಹಾಗಾಗಿ 2038ರವರೆಗೆ ಅವರು ಕಾಲೇಜಿನ ಕಡೆ ತಲೆ ಹಾಕುವಂತಿಲ್ಲ. ಅವರೋ 2024ರ ಜನವರಿಯಲ್ಲೇ ಲಾಸ್ ಏಂಜಲೀಸ್‌ಗೆ ಹೋಗಿ ವೃತ್ತಿಪರ ತಂಡದ ಕೋಚ್ ಆಗಿದ್ದಾರೆ. ಊರು ಬಿಟ್ಟು ಹೋಗಿ ನಗರದಲ್ಲಿ ಬಂಗಲೆ ಕಟ್ಟಿಸಿಕೊಂಡವನಿಗೆ, ಇನ್ನು ಮುಂದೆ ನಮ್ಮೂರ ಜಾತ್ರೆಯ ಪಂಕ್ತಿಯಲ್ಲಿ ನಿನಗೆ ಎಲೆ ಹಾಕುವುದಿಲ್ಲ ಎಂದು ಪಂಚಾಯಿತಿ ಗುಡುಗಿದಂತೆ.

2023ರ ಋತುವಿನಲ್ಲಿ ಮಿಷಿಗನ್ ಹದಿನೈದಕ್ಕೆ ಹದಿನೈದೂ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಗಿತ್ತು. ಆ ಪ್ರಶಸ್ತಿ ಅಲ್ಲೇ ಇದೆ. ಮುಂದಿನ ನಾಕೌಟ್ ಪಂದ್ಯಗಳಿಂದ ತಂಡವನ್ನು ಹೊರಗಿಡುವುದು ನ್ಯಾಯವೇ, ಆದರೆ ಹಾಗೆ ಮಾಡಿದರೆ ಈಗಿನ ಹುಡುಗರಿಗೆ ಅನ್ಯಾಯವಾಗುತ್ತದೆ ಎಂದಿತು ಸಮಿತಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬಾರದು ಎಂಬ ಕರುಣೆ, ಒಪ್ಪುತ್ತೇನೆ. ಆದರೆ ಎತ್ತು ಆಗಲೇ ಹೊಸ ಕೊಟ್ಟಿಗೆ ಸೇರಿ ಹಿಂಡಿ ಮೇಯುತ್ತಿದೆ. ಉಳಿದದ್ದು ದಂಡ. ಎರಡು ಕೋಟಿ ಡಾಲರ್ ದಾಟಬಹುದೆಂಬ ಅಂದಾಜು. ಅಲ್ಲಿನ ಕ್ರೀಡಾ ವಿಭಾಗದ ವರ್ಷದ ಆದಾಯ ಇಪ್ಪತ್ತು ಕೋಟಿಗೂ ಮೇಲೆ.

ಮೂರ್ ಅವರಿಗೆ ವಿಶ್ವವಿದ್ಯಾಲಯ ತಾನಾಗಿಯೇ 2025ರ ಎರಡು ಪಂದ್ಯಗಳ ಅಮಾನತು ವಿಧಿಸಿತ್ತು. ಸಾಮಾನ್ಯವಾಗಿ ಅಮಾನತು ಮೊದಲ ಪಂದ್ಯದಿಂದ ಶುರುವಾಗುತ್ತದೆ. ಆದರೆ ಎರಡನೆಯ ಪಂದ್ಯ ಬಲಿಷ್ಠ ಓಕ್ಲಹೋಮಾ ವಿರುದ್ಧ, ಅದೂ ಮೂರ್ ಸ್ವತಃ ಓದಿ ಆಡಿದ ಊರಿನಲ್ಲಿ. ಪಂಚಾಂಗ ನೋಡಿ ಮೂರು ಮತ್ತು ನಾಲ್ಕನೆಯ ಪಂದ್ಯಗಳಿಗೆ ಮುಹೂರ್ತ ಇಟ್ಟರು. ಮೂರನೆಯದು ಸೆಂಟ್ರಲ್ ಮಿಷಿಗನ್ ವಿರುದ್ಧ. ಹೌದು, ಅದೇ ಕಪ್ಪು ಕನ್ನಡಕದ ಸೆಂಟ್ರಲ್ ಮಿಷಿಗನ್. ಕೋಚ್ ಇಲ್ಲದೆ ಅನಾಥವಾದ ಮಿಷಿಗನ್ ತಂಡ ಆ ಪಂದ್ಯವನ್ನು 63-3ರಿಂದ ಗೆದ್ದಿತು.

ಕೋಚ್‌ಗಳನ್ನೇ ಬೈಯುತ್ತಾ ಕೂತರೆ ವಿಶ್ವವಿದ್ಯಾಲಯಗಳಿಗೆ ಬೇಸರವಾದೀತು. ಈ ವಿದ್ಯೆಯ ಪೀಠ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಚಾಪೆಲ್ ಹಿಲ್. ಅಲ್ಲಿನ ಆಫ್ರಿಕನ್ ಅಧ್ಯಯನ ವಿಭಾಗದಲ್ಲಿ ಹದಿನೆಂಟು ವರ್ಷಗಳ ಕಾಲ ಪಾಠವೇ ನಡೆಯದ ತರಗತಿಗಳು ನಡೆದವು. ಮೇಷ್ಟ್ರಿಲ್ಲ, ಹಾಜರಾತಿಯಿಲ್ಲ, ಕೊನೆಗೊಂದು ಪ್ರಬಂಧ. ಅದನ್ನು ಮೌಲ್ಯಮಾಪನ ಮಾಡುತ್ತಿದ್ದವರು ವಿಭಾಗದ ಕಚೇರಿಯ ಸಿಬ್ಬಂದಿ, ಧಾರಾಳ ಕೈಯಿಂದ. 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು ಈ ತರಗತಿಗಳಿಗೆ ಸೇರಿದ್ದರು, ಸರಿಸುಮಾರು ಅರ್ಧದಷ್ಟು ಜನ ಆಟಗಾರರು. 2009ರಲ್ಲಿ ಆ ಸಿಬ್ಬಂದಿ ನಿವೃತ್ತರಾದಾಗ ಫುಟ್‌ಬಾಲ್ ತಂಡದ ವಿದ್ಯಾ ಸಲಹೆಗಾರರ ಎದೆ ನಡುಗಿತು. ಕೋಚ್‌ಗಳನ್ನು ಕೂರಿಸಿಕೊಂಡು ಗೋಡೆಯ ಮೇಲೆ ಸ್ಲೈಡ್ ಹಾಕಿ ವಿವರಿಸಿದರು: ಇಷ್ಟು ದಿನ ನಮ್ಮ ಹುಡುಗರು ತರಗತಿಗೆ ಹೋಗಬೇಕಿರಲಿಲ್ಲ, ಟಿಪ್ಪಣಿ ಬರೆದುಕೊಳ್ಳಬೇಕಿರಲಿಲ್ಲ, ಎಚ್ಚರವಾಗಿರಬೇಕಿರಲಿಲ್ಲ, ಇನ್ನು ಮುಂದೆ ಹಾಗಲ್ಲ. ವಿದ್ಯೆ ಎಂಬ ವಿಪತ್ತು ಬಂದೆರಗಲಿದೆ ಎಂದು ಇಷ್ಟು ಪ್ರಾಮಾಣಿಕವಾಗಿ ಮುನ್ಸೂಚನೆ ಕೊಟ್ಟ ಶಿಕ್ಷಣ ಸಂಸ್ಥೆ ಇನ್ನೊಂದಿರಲಾರದು.

ಇನ್ನೂ ಒಂದು ಸ್ವಾರಸ್ಯ ಬಾಕಿಯಿದೆ. 2014ರ ತನಿಖಾ ವರದಿಯಲ್ಲಿ ಒಂದು ಇ-ಮೇಲ್ ಸಿಕ್ಕಿತು. ಈ ಆಟಗಾರ್ತಿಗೆ ಡಿ ದರ್ಜೆ ಸಾಕಲ್ಲವೇ ಎಂದು ಕಚೇರಿಯವರು ಕೇಳುತ್ತಾರೆ. ಸಾಕು, ಅವಳಿಗೆ ಅಷ್ಟೇ ಬೇಕಾಗಿರುವುದು ಎಂದು ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದ ವಿದ್ಯಾ ಸಲಹೆಗಾರರ ಉತ್ತರ. ಆ ಸಲಹೆಗಾರರು ಅದೇ ವಿಶ್ವವಿದ್ಯಾಲಯದ ನೀತಿಶಾಸ್ತ್ರ ಕೇಂದ್ರದ ನಿರ್ದೇಶಕರೂ ಆಗಿದ್ದರು. ವಿಡಂಬನೆ ಬರೆಯುವವನ ಅನ್ನ ಕಿತ್ತುಕೊಳ್ಳುವುದೆಂದರೆ ಇದು.

ವಿಶ್ವವಿದ್ಯಾಲಯ ಏನು ಮಾಡಿತು? ಮಾನ್ಯತೆ ಕೊಡುವ ಮಂಡಳಿಯ ಮುಂದೆ ತಲೆ ತಗ್ಗಿಸಿ ಇದು ಶೈಕ್ಷಣಿಕ ವಂಚನೆ ಎಂದು ಬರೆದುಕೊಟ್ಟಿತು. ಎನ್‌ಸಿಎಎ ಅದೇ ಕಾಗದ ಹಿಡಿದು ಬಂದಾಗ, ವಂಚನೆ ಎಂದು ಬರೆದದ್ದು ಕಣ್ತಪ್ಪಿನಿಂದ, ಅಕ್ಷರದೋಷವಿದ್ದಂತೆ ಎಂದಿತು. ಧರ್ಮರಾಯನಿಗೂ ಇಷ್ಟು ಧೈರ್ಯವಿರಲಿಲ್ಲ. ಅಶ್ವತ್ಥಾಮ ಸತ್ತ ಎಂದವನು 'ಆನೆ' ಎಂಬುದನ್ನು ಮೆತ್ತಗಾದರೂ ಗೊಣಗಿದ್ದ. ಅಂದು ಮೋಸ ಹೋದದ್ದೂ ಒಬ್ಬ ಕೋಚೇ, ಅದು ಬೇರೆ ಮಾತು. 2017ರ ಅಕ್ಟೋಬರ್‌ನಲ್ಲಿ ಎನ್‌ಸಿಎಎ ಚಾಪೆಲ್ ಹಿಲ್‌ಗೆ ದಂಡ ಹಾಕದೆ ಕಡತ ಮುಚ್ಚಿತು. ಆ ತರಗತಿಗಳು ಆಟಗಾರರಿಗಷ್ಟೇ ಅಲ್ಲ, ಎಲ್ಲ ವಿದ್ಯಾರ್ಥಿಗಳಿಗೂ ತೆರೆದಿದ್ದವಂತೆ. ಮೋಸ ಸರ್ವರಿಗೂ ಸಮಪಾಲಾಗಿ ಹಂಚಿಕೆಯಾಗಿರುವುದರಿಂದ ಆಕ್ಷೇಪವಿಲ್ಲ ಎಂದಾಯಿತು. ಆ ವರ್ಷ ಏಪ್ರಿಲ್‌ನಲ್ಲಷ್ಟೇ ಅವರ ಬ್ಯಾಸ್ಕೆಟ್‌ಬಾಲ್ ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತ್ತು.

ಲೂಯಿವಿಲ್ ವಿಶ್ವವಿದ್ಯಾಲಯಕ್ಕೆ ಇಂಥ ಅದೃಷ್ಟವಿರಲಿಲ್ಲ. ಅಲ್ಲಿನ ಬ್ಯಾಸ್ಕೆಟ್‌ಬಾಲ್ ಕೋಚ್ ರಿಕ್ ಪಿಟಿನೋ ಅವರ ಭಾವಮೈದುನನ ನೆನಪಿಗೆ ಹೆಸರಿಟ್ಟ ವಸತಿ ನಿಲಯದಲ್ಲೇ, ಸೇರಲು ಬಂದ ಹುಡುಗರಿಗಾಗಿ ಹೆಂಗಸರನ್ನು ಕರೆಸಲಾಗುತ್ತಿತ್ತು. ಪಿಟಿನೋ ಅವರಿಗೂ ಗೊತ್ತಿರಲಿಲ್ಲ. 2013ರಲ್ಲಿ ಗೆದ್ದ ಪ್ರಶಸ್ತಿ 2018ರಲ್ಲಿ ರದ್ದಾಯಿತು, ಛಾವಣಿಯಿಂದ ಪತಾಕೆ ಇಳಿಯಿತು. ಅಂದು ಸೋತ ತಂಡವೇನೂ ಗೆದ್ದಂತಾಗಲಿಲ್ಲ. ಪಂದ್ಯ ನಡೆದಿದೆ, ಒಬ್ಬರು ಸೋತಿದ್ದಾರೆ, ಗೆದ್ದವರು ಯಾರೂ ಇಲ್ಲ.

ನಗುತ್ತಾ ಇಲ್ಲಿಯವರೆಗೆ ಬಂದೆ. ಆದರೆ ಆ ಕಪ್ಪು ಕನ್ನಡಕದವನು ನಿಂತಿದ್ದ ಕ್ರೀಡಾಂಗಣ ಯಾರದು ಎಂಬುದು ನನ್ನನ್ನು ಬಿಡುತ್ತಿಲ್ಲ. ಅದು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ್ದು. ಲ್ಯಾರಿ ನಾಸರ್ ಎಂಬ ಕ್ರೀಡಾ ವೈದ್ಯ ಕೆಲಸ ಮಾಡುತ್ತಿದ್ದ ವಿಶ್ವವಿದ್ಯಾಲಯ. 1997ರಲ್ಲೇ ಹದಿನಾರು ವರ್ಷದ ಜಿಮ್ನಾಸ್ಟ್ ಹುಡುಗಿಯೊಬ್ಬಳು ಚಿಕಿತ್ಸೆಯ ಹೆಸರಿನಲ್ಲಿ ಅವನು ಮಾಡುತ್ತಿದ್ದುದನ್ನು ಅಲ್ಲಿನ ಕೋಚ್‌ಗೆ ಹೇಳಿದ್ದಳು. ದೂರು ಬರೆಯಬಹುದು, ಆದರೆ ಅದರ ಪರಿಣಾಮ ನಿನಗೂ ಅವನಿಗೂ ಗಂಭೀರವಾಗಿರುತ್ತದೆ ಎಂಬ ಉತ್ತರ ಬಂತೆಂದು ಅವಳು ಮುಂದೆ ಹೇಳಿದಳು. 2014ರಲ್ಲಿ ಇನ್ನೊಬ್ಬಾಕೆ ದೂರು ಕೊಟ್ಟಾಗ ವಿಶ್ವವಿದ್ಯಾಲಯ ವಿಚಾರಣೆ ಮಾಡಿ ಅವನನ್ನು ನಿರ್ದೋಷಿ ಎಂದು ಮತ್ತೆ ಕೆಲಸಕ್ಕೆ ಬಿಟ್ಟಿತು. 2016ರಲ್ಲಿ ಒಂದು ಪತ್ರಿಕೆ ಬರೆಯುವವರೆಗೆ ಅವನು ರೋಗಿಗಳನ್ನು ನೋಡುತ್ತಲೇ ಇದ್ದ. 2018ರ ಜನವರಿಯಲ್ಲಿ ನ್ಯಾಯಾಲಯದಲ್ಲಿ ನೂರೈವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳು ಒಬ್ಬರಾದ ಮೇಲೆ ಒಬ್ಬರಂತೆ ಎದ್ದು ಮಾತನಾಡಿದರು, ದಿನಗಟ್ಟಲೆ. ಅದೇ ವರ್ಷ 332 ಮಂದಿಯೊಂದಿಗೆ 50 ಕೋಟಿ ಡಾಲರ್‌ಗೆ ರಾಜಿಯಾಯಿತು. ಆ ವರ್ಷ ಬಂದಿದ್ದ ಹಂಗಾಮಿ ಅಧ್ಯಕ್ಷರು, ಮಾಜಿ ರಾಜ್ಯಪಾಲರು, ಆ ಹೆಣ್ಣುಮಕ್ಕಳಲ್ಲಿ ಕೆಲವರು ಪ್ರಚಾರವನ್ನು ಆನಂದಿಸುತ್ತಿದ್ದಾರೆ ಎಂಬರ್ಥದ ಮಾತಾಡಿ ಕುರ್ಚಿ ಬಿಟ್ಟರು.

ಇಲ್ಲಿ ನನ್ನ ಬಳಿ ಗಾದೆಯಿಲ್ಲ. ಸಂಜೆಗತ್ತಲಲ್ಲಿ ಟಿ.ವಿ. ಚಿತ್ರದ ಮೂಲೆಯಲ್ಲಿದ್ದ ಒಂದು ಕನ್ನಡಕವನ್ನು ಹಿಗ್ಗಿಸಿ, ಇವನು ಇಂಥವನೇ ಎಂದು ಪತ್ತೆ ಹಚ್ಚುವ ಜನ ಅವರು. ಒಂದು ಸನ್ನೆ ಸೋರಿದರೆ ತನಿಖೆ, ಸಮಿತಿ, ತೀರ್ಪು, 2038. ಮಕ್ಕಳು ಸನ್ನೆ ಮಾಡಲಿಲ್ಲ, ಬಾಯಿಬಿಟ್ಟು ಹೇಳಿದರು. ಹತ್ತೊಂಬತ್ತು ವರ್ಷ ಹೇಳಿದರು. ಎನ್‌ಸಿಎಎ 2018ರಲ್ಲಿ ಮಿಷಿಗನ್ ಸ್ಟೇಟ್‌ನ ಕಡತ ತೆರೆದು ನೋಡಿ, ತನ್ನ ನಿಯಮಗಳ ಉಲ್ಲಂಘನೆ ಏನೂ ಕಾಣಲಿಲ್ಲ ಎಂದು ಮುಚ್ಚಿತು.

ಆ ವಿಶ್ವವಿದ್ಯಾಲಯದ ಬಳಿ ನಾಸರ್ ಪ್ರಕರಣಕ್ಕೆ ಸಂಬಂಧಿಸಿದ ಆರು ಸಾವಿರಕ್ಕೂ ಹೆಚ್ಚು ದಾಖಲೆಗಳಿದ್ದವು. ವಕೀಲರ ಜೊತೆಗಿನ ಗುಟ್ಟಿನ ವ್ಯವಹಾರ ಎಂದು ಹೇಳಿ ರಾಜ್ಯದ ಅಟಾರ್ನಿ ಜನರಲ್‌ಗೂ ಅವನ್ನು ವರ್ಷಗಟ್ಟಲೆ ಕೊಡಲಿಲ್ಲ. ಕೊಡಲು ಆಡಳಿತ ಮಂಡಳಿ ಒಪ್ಪಿದ್ದು 2023ರ ಡಿಸೆಂಬರ್‌ನಲ್ಲಿ. ಸ್ಟಾಲಿಯನ್ಸ್ ಪಾಪ, ಒಂದು ಫೋನ್ ಮುಳುಗಿಸಲು ಕೊಳ ಹುಡುಕಿಕೊಂಡು ಹೋಗಿದ್ದ.