ನಮಸ್ಕಾರ ಒಪ್ಪದ ಡೇಟಾಬೇಸು

ಎಫ್ ಸೊನ್ನೆ, ಒಂಬತ್ತು ಎಫ್, ಒಂಬತ್ತು ಒಂಬತ್ತು, ಎಂಟು ಎಫ್.

ಇದು ಯಾವ ಹೋಮದ ಬೀಜಾಕ್ಷರವೂ ಅಲ್ಲ ಮಾರಾಯ್ರೇ. ಬೆಳಿಗ್ಗೆ ಹತ್ತಕ್ಕೆ, ಬನ್ಸ್ ತಿಂದ ಕೈಯ ಎಣ್ಣೆ ಇನ್ನೂ ಕೀಬೋರ್ಡಿಗೆ ಅಂಟುತ್ತಿರುವಾಗ, ಸಾಫ್ಟ್‌ವೇರಿನ ದೂರುಗಳ ಲೆಕ್ಕ ಇಡುವ ಇಶ್ಯೂ ಟ್ರ್ಯಾಕರಿನ ಲಾಗ್ ಫೈಲಿನಲ್ಲಿ ಕಾಣಿಸಿಕೊಂಡ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನ ಎರರ್ 1366. ‘ಇನ್‌ಕರೆಕ್ಟ್ ಸ್ಟ್ರಿಂಗ್ ವ್ಯಾಲ್ಯೂ’ ಅಂತೆ. ಮೇಲಿನ ಒಂದೊಂದು ಜೋಡಿ ಒಂದು ಬೈಟು, ಆ ನಾಲ್ಕು ಬೈಟುಗಳನ್ನು ಸೇರಿಸಿದರೆ ಆಗುವುದು ಎರಡು ಕೈ ಜೋಡಿಸಿದ ಇಮೋಜಿ. ಯಾರೋ ಪಾಪ ನಮಸ್ಕಾರ ಹೇಳಿದ್ದಾರೆ, ಡೇಟಾಬೇಸು ‘ತಪ್ಪು ಮಾತಾಡಬೇಡಿ’ ಎಂದು ಬಾಗಿಲು ಹಾಕಿದೆ.

ಟ್ರ್ಯಾಕರ್ ಬರುವ ಮೊದಲು ಎಲ್ಲ ಆಫೀಸುಗಳಲ್ಲೂ ಇದ್ದದ್ದು ‘ಬಗ್ ಲಿಸ್ಟ್ ಫೈನಲ್ ಲೇಟೆಸ್ಟ್ ನ್ಯೂ 2’ ಎಂಬ ಎಕ್ಸೆಲ್ ಶೀಟು. ಅದು ಸತ್ತ ದಿನ ಯಾರೋ ರೌಂಡಪ್ ಹಾಕುವ ಅನ್ನುತ್ತಾರೆ. ಅಡಿಕೆ ತೋಟ ಇರುವ ಮನೆಯಿಂದ ಬಂದವರಿಗೆ ರೌಂಡಪ್ ಎಂದರೆ ಕಳೆ ಸಾಯಿಸುವ ಮದ್ದು. ಇದು ಅದಲ್ಲ, ಪೈಥಾನಿನಲ್ಲಿ ಬರೆದ ಟ್ರ್ಯಾಕರು. ಕಳೆ ಸಾಯಿಸುವುದಿಲ್ಲ, ಎಷ್ಟು ಉಂಟು ಎಂದು ಲೆಕ್ಕ ಇಡುತ್ತದೆ ಅಷ್ಟೆ.

ಮೊದಲಿಗೆ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸು ಸಾಕು ಎನ್ನುವವರು ಹೇಳುವುದು ಸುಳ್ಳಲ್ಲ. ಒಂದೇ ಫೈಲು, ಸರ್ವರ್ ಬೇಡ, ಪಾಸ್‌ವರ್ಡ್ ಬೇಡ. ಆದರೆ ಅದರಲ್ಲಿ ಬರೆಯಲಿಕ್ಕೆ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಅವಕಾಶ. ನಾಲ್ಕೈದು ಮಂದಿ ಇದ್ದಾಗ ಗೊತ್ತೇ ಆಗುವುದಿಲ್ಲ. ರಿಲೀಸಿನ ಹಿಂದಿನ ಸಂಜೆ ಎಲ್ಲರೂ ಒಟ್ಟಿಗೆ ಟಿಕೆಟ್ (ಒಂದೊಂದು ದೂರು) ಮುಚ್ಚಲು ಹೊರಟರೆ ‘ಡೇಟಾಬೇಸ್ ಈಸ್ ಲಾಕ್ಡ್’ ಎಂದು ಕೂತುಬಿಡುತ್ತದೆ. ಆ ಫೈಲನ್ನು ನೆಟ್‌ವರ್ಕ್ ಶೇರಿನಲ್ಲಿ ಇಡುವ ಬುದ್ಧಿವಂತರೂ ಇದ್ದಾರೆ. ಅಲ್ಲಿ ಲಾಕು ಸರಿಯಾಗಿ ಬೀಳುವ ಗ್ಯಾರಂಟಿ ಇಲ್ಲ, ಫೈಲೇ ಕೆಡಬಹುದು.

ಹಾಗಾಗಿ ಮೈಎಸ್‌ಕ್ಯೂಎಲ್. ಕ್ರಮ ಇಷ್ಟೇ: ರೌಂಡಪ್-ಅಡ್ಮಿನ್ ಇನ್‌ಸ್ಟಾಲ್, ಆಮೇಲೆ ಕಾನ್ಫಿಗ್ ಫೈಲಿನ ಆರ್‌ಡಿಬಿಎಂಎಸ್ ಭಾಗದಲ್ಲಿ ಬ್ಯಾಕೆಂಡು, ಹೋಸ್ಟು, ಡೇಟಾಬೇಸಿನ ಹೆಸರು, ಯೂಸರು, ಪಾಸ್‌ವರ್ಡು ತುಂಬಿಸುವುದು, ಕೊನೆಗೆ ಇನಿಷಿಯಲೈಸ್. ಈ ಕೊನೆಯ ಕಮಾಂಡನ್ನು ಎರಡನೇ ಸಲ ಕೊಟ್ಟರೆ ‘ಇರುವುದೆಲ್ಲ ಹೋಗುತ್ತದೆ, ಅಳಿಸುವುದಾ?’ ಎಂದು ಪಾಪ ಕೇಳುತ್ತದೆ. ಓದದೆ ‘ವೈ’ ಒತ್ತುವವರು ಎಲ್ಲ ಊರಲ್ಲೂ ಇದ್ದಾರೆ. ಟೇಬಲ್ಲುಗಳನ್ನು ಡಿಸ್ಕಿನಲ್ಲಿ ಇಡುವ ಎಂಜಿನ್ ಇನ್ನೋಡಿಬಿ ಆಗಿರಲಿ. ಜೂನಿನ ಮೊದಲ ಗುಡುಗಿಗೆ ಕರೆಂಟು ಹೋಗಿ, ಯುಪಿಎಸ್ ಎರಡು ಸಲ ಕೂಗಿ ಸುಮ್ಮನಾದಾಗ ಇನ್ನೋಡಿಬಿ ತನ್ನ ಲಾಗ್ ನೋಡಿಕೊಂಡು ತಾನೇ ಎದ್ದು ಕೂರುತ್ತದೆ. ಹಳೆಯ ಎಂಜಿನ್ ಮೈಐಸ್ಯಾಮನ್ನು ಕೂತು ರಿಪೇರಿ ಮಾಡಬೇಕು.

ಇಲ್ಲಿ ಎಲ್ಲರೂ ಒಮ್ಮೆ ಬೀಳುವ ಗುಂಡಿ ಎರರ್ 1045, ‘ಆಕ್ಸೆಸ್ ಡಿನೈಡ್’. ಪಾಸ್‌ವರ್ಡ್ ಸರಿ ಉಂಟು, ಹೆಸರು ಸರಿ ಉಂಟು, ಆದರೂ ಒಳಗೆ ಬಿಡುವುದಿಲ್ಲ. ಕಾರಣ ನಮ್ಮೂರಿನವರಿಗೆ ಬೇಗ ಅರ್ಥವಾಗಬೇಕು. ‘ರಮೇಶ’ ಅಂದರೆ ಇಲ್ಲಿ ಯಾರಿಗೂ ತಿಳಿಯದು. ಮೇಗಿನಮನೆ ರಮೇಶನೋ ಕೆಳಗಿನಮನೆ ರಮೇಶನೋ ಹೇಳಬೇಕು. ಮೈಎಸ್‌ಕ್ಯೂಎಲ್ಲಿಗೂ ಹಾಗೆಯೇ, ಯೂಸರ್ ಹೆಸರು ಮತ್ತು ಹೋಸ್ಟ್ (ಯಾವ ಮೆಷಿನ್ನಿನಿಂದ ಬಂದದ್ದು) ಎರಡೂ ಸೇರಿದರೆ ಒಬ್ಬ ಮನುಷ್ಯ. ಲೋಕಲ್‌ಹೋಸ್ಟಿನ (ಅದೇ ಮೆಷಿನ್ನಿನ) ರೌಂಡಪ್ ಬೇರೆ, ಪಕ್ಕದ ಮೆಷಿನ್ನಿನಿಂದ ಬರುವ ರೌಂಡಪ್ ಬೇರೆ. ಇನ್ನೊಂದು ಕಿರಿಕಿರಿ: ಲಿನಕ್ಸಿನಲ್ಲಿ ಲೋಕಲ್‌ಹೋಸ್ಟ್ ಎಂದರೆ ಹಿತ್ತಿಲ ಬಾಗಿಲು, ಸಾಕೆಟ್ ಫೈಲಿನ ಮೂಲಕ ಹೋಗುತ್ತದೆ. 127.0.0.1 ಎಂದರೆ ಅದೇ ಮನೆಗೆ ಸುತ್ತು ಹಾಕಿ ಎದುರಿನ ಗೇಟಿನಿಂದ, 3306 ನಂಬ್ರದ ಪೋರ್ಟಿನಿಂದ. ಟ್ರ್ಯಾಕರನ್ನು ಡಾಕರ್ ಎಂಬ ಪ್ರತ್ಯೇಕ ಡಬ್ಬಿಯ ಒಳಗೆ ಇಟ್ಟರೆ ಲೋಕಲ್‌ಹೋಸ್ಟ್ ಎಂದರೆ ಆ ಡಬ್ಬಿಯೇ ಹೊರತು ಹೊರಗಿನ ಸರ್ವರಲ್ಲ. ಇದಕ್ಕೆ ಪರಿಹಾರ ಎಂದು ಎಲ್ಲ ಡೇಟಾಬೇಸಿಗೂ ಎಲ್ಲ ಹೋಸ್ಟಿನಿಂದಲೂ ಗ್ರ್ಯಾಂಟ್ ಆಲ್ (ಪೂರ್ತಿ ಅಧಿಕಾರ) ಕೊಡುವವರಿಗೆ ಹೇಳುವುದೇನು? ಪಾಸ್‌ವರ್ಡಿನ ಕೊನೆಗೆ ಮಂಗಳೂರಿನ ಎಸ್‌ಟಿಡಿ ಕೋಡ್ 0824 ಸೇರಿಸಿ ಭದ್ರವಾಯಿತು ಎಂದುಕೊಳ್ಳುವವರೂ ಅವರೇ.

ಇರಲಿ, ನಮಸ್ಕಾರಕ್ಕೆ ಬರುವ.

ಮಂಗಳೂರಿನ ಕೊಟ್ಟಾರ ಚೌಕಿಯಿಂದ ಮಣಿಪಾಲದವರೆಗೆ ಯಾವ ಆಫೀಸಿಗೆ ಹೋದರೂ ಟೆಸ್ಟಿಂಗಿನಲ್ಲಿ ಒಬ್ಬರು ಅಕ್ಕ ಇರುತ್ತಾರೆ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ವಿನಯ. ಟಿಕೆಟ್ ಬರೆಯುವುದೆಂದರೆ ಅವರಿಗೆ ಇನ್ನೊಬ್ಬರ ಮನೆಗೆ ಹೋದ ಹಾಗೆ, ಕೈಮುಗಿಯದೆ ಒಳಗೆ ಕಾಲಿಡುವುದಿಲ್ಲ. ‘ಲಾಗಿನ್ ಪೇಜ್ ಒಮ್ಮೆ ನೋಡಿ’ ಎಂದು ಬರೆದು ಒಂದು ನಮಸ್ಕಾರ. ಸ್ವಲ್ಪ ಅರ್ಜೆಂಟಾದರೆ ಎರಡು. ಗಿರಾಕಿಗಳು ಬಳಸುವ ಪ್ರೊಡಕ್ಷನ್ ಸರ್ವರೇ ಬಿದ್ದರೆ ನಾಲ್ಕು. ಪ್ರಯಾರಿಟಿ ಎಂಬ ಕಾಲಮ್ಮನ್ನು ಅವರು ಇವತ್ತಿನವರೆಗೆ ಮುಟ್ಟಿಲ್ಲ, ಕೈಗಳ ಲೆಕ್ಕದಲ್ಲೇ ತಿಳಿದುಕೊಳ್ಳಬೇಕು. ಅದೂ ಎಲ್ಲಿ, ಟೈಟಲ್ಲಿನಲ್ಲಿ! ರೌಂಡಪ್ಪಿನಲ್ಲಿ ಸಂದೇಶದ ಒಡಲು ಡಿಸ್ಕಿನ ಫೈಲಿಗೆ ಹೋಗುತ್ತದೆ, ಅಲ್ಲಿ ನೂರು ಸಲ ಕೈಮುಗಿದರೂ ಮೈಎಸ್‌ಕ್ಯೂಎಲ್ ಕೇಳುವುದಿಲ್ಲ. ಟೈಟಲ್ಲು ಮಾತ್ರ ನೇರವಾಗಿ ಟೇಬಲ್ಲಿಗೆ.

ಟೇಬಲ್ಲಿನ ಕಥೆ ಏನೆಂದರೆ, ಮೈಎಸ್‌ಕ್ಯೂಎಲ್ಲಿನ ಹಳೆಯ ‘ಯುಟಿಎಫ್8’ (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಕ್ರಮ) ಹೆಸರಿಗೆ ಮಾತ್ರ ಯುಟಿಎಫ್8. ಒಂದು ಅಕ್ಷರಕ್ಕೆ ಮೂರು ಬೈಟಿಗಿಂತ ಹೆಚ್ಚು ಜಾಗ ಕೊಡುವುದಿಲ್ಲ. ಕನ್ನಡದ ಒಂದೊಂದು ಚಿಹ್ನೆಗೂ ಬೇಕಾದದ್ದು ಸರಿಯಾಗಿ ಮೂರು. ‘ಮಂಗಳೂರು’ ಎಂದರೆ ಸೊನ್ನೆ, ದೀರ್ಘ, ಕೊಂಬು ಎಲ್ಲ ಸೇರಿ 7 ಚಿಹ್ನೆ, 21 ಬೈಟು. ‘ಉಡುಪಿ’ 15. ಕನ್ನಡ ಸಲೀಸಾಗಿ ಒಳಗೆ ಹೋಗುವುದರಿಂದಲೇ ಎಲ್ಲ ಸರಿ ಉಂಟು ಎಂದು ನಾವು ಮೋಸ ಹೋಗುವುದು. ಇಮೋಜಿಗೆ ಬೇಕಾದದ್ದು 4.

ಅಲ್ಲಿಂದ ಮುಂದೆ ಅಕ್ಕನ ನಮಸ್ಕಾರಕ್ಕೆ ಮೂರು ಗತಿ. ಸರಿ ಇಲ್ಲದ ಡೇಟಾವನ್ನು ಒಪ್ಪದ ಸ್ಟ್ರಿಕ್ಟ್ ಮೋಡ್ ಇದ್ದರೆ (2015ರ 5.7 ಆವೃತ್ತಿಯಿಂದ ಅದೇ ಡಿಫಾಲ್ಟ್) ಇಡೀ ಟಿಕೆಟ್ಟೇ ವಾಪಸು, 1366. ಸ್ಟ್ರಿಕ್ಟ್ ಇಲ್ಲದೆ, ಕನೆಕ್ಷನ್ ಕೂಡ ಹಳೆಯ ಯುಟಿಎಫ್8 ಆಗಿದ್ದರೆ ಇಮೋಜಿ ಬಂದಲ್ಲಿಗೆ ವಾಕ್ಯ ಕತ್ತರಿಸಿ ಹೋಗುತ್ತದೆ. ಕೊನೆಯಲ್ಲಿ ಕೈಮುಗಿದರೆ ನಷ್ಟ ಇಲ್ಲ, ಮೊದಲೇ ಕೈಮುಗಿದರೆ ಟೈಟಲ್ಲೇ ಖಾಲಿ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಸ್ಟ್ರಿಕ್ಟ್ ಇಲ್ಲ, ಕನೆಕ್ಷನ್ ಹೊಸತು (ನಾಲ್ಕು ಬೈಟಿನದ್ದು), ಕಾಲಮ್ ಹಳತು. ಆಗ ಎರರ್ ಬರುವುದಿಲ್ಲ, ಒಂದು ವಾರ್ನಿಂಗನ್ನು ಯಾರೂ ನೋಡದ ಕಡೆ ಹಾಕಿ, ಇಮೋಜಿಯ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕೂರಿಸುತ್ತದೆ.

ಅಂದರೆ ‘ಇವತ್ತು ಸರಿ ಮಾಡಿ ಕೊಡಬಹುದಾ’ ಎಂದು ನಾಲ್ಕು ಸಲ ಕೈಮುಗಿದು ಕೇಳಿದ ಅಕ್ಕ, ಆ ಕಡೆಯ ಡೆವಲಪರಿಗೆ ಕಾಣಿಸುವುದು ಹೀಗೆ: ‘ಇವತ್ತು ಸರಿ ಮಾಡಿ ಕೊಡಬಹುದಾ????’ ಅವನಿಗೆ ಪಿತ್ತ ನೆತ್ತಿಗೆ. ‘ಎಂತ ಇವರದ್ದು ದಬ್ಬಾಳಿಕೆ!’ ಎಂದು ಅವನು ಆ ಟಿಕೆಟನ್ನು ಬೇಕೆಂದೇ ಸೋಮವಾರಕ್ಕೆ ಇಡುತ್ತಾನೆ. ಅಕ್ಕ ಶನಿವಾರ ಇನ್ನೂ ಎರಡು ನಮಸ್ಕಾರ ಸೇರಿಸುತ್ತಾರೆ. ಈಗ ಆರು ಪ್ರಶ್ನೆ. ಕ್ಯಾಂಟೀನಿನಲ್ಲಿ ಇಬ್ಬರೂ ಬೇರೆ ಬೇರೆ ಮೇಜಿನಲ್ಲಿ ಗೋಳಿಬಜೆ ತಿನ್ನುತ್ತಾರೆ, ಚಟ್ನಿಯ ಬಟ್ಟಲು ಆಚೆಯಿಂದ ಈಚೆಗೆ ಬರುವುದಿಲ್ಲ. ಕಾರಣ ಒಂದು ಬೈಟು.

ಹಿಂದೆ ಕಂಪ್ಲೇಂಟ್ ಪುಸ್ತಕ ಇರುತ್ತಿತ್ತು. ಮೊಳೆಯಿಂದ ಹುರಿಯಲ್ಲಿ ನೇತಾಡುವ ಪುಸ್ತಕ, ಅದಕ್ಕೆ ನೂಲು ಕಟ್ಟಿದ ಪೆನ್ನು. ಆಟಿ ತಿಂಗಳ ಮಳೆಗೆ ಪುಟಗಳು ಹಪ್ಪಳದ ಹಾಗೆ ಮೆತ್ತಗಾಗುತ್ತಿದ್ದವು. ಸಿಟ್ಟಿನಲ್ಲಿ ಬರೆದವನ ಅಕ್ಷರ ಕೆಳಗಿನ ಪುಟಕ್ಕೂ ಒತ್ತಿ ಮೂಡಿರುತ್ತಿತ್ತು, ಬೆರಳಾಡಿಸಿದರೆ ತಿಳಿಯುತ್ತಿತ್ತು. ಮೆತ್ತಗೆ ಬರೆದವರದ್ದು ಮೆತ್ತಗೇ ಇರುತ್ತಿತ್ತು.

ಸರಿಪಡಿಸಲಿಕ್ಕೆ ಮದ್ದು 2010ರಲ್ಲೇ, 5.5.3 ಆವೃತ್ತಿಯಲ್ಲೇ ಬಂದಿದೆ: ನಾಲ್ಕು ಬೈಟು ಹಿಡಿಸುವ ಯುಟಿಎಫ್8ಎಂಬಿ4. 2018ರ 8.0ದಿಂದ ಅದೇ ಡಿಫಾಲ್ಟು. ಆದರೆ ಹಳೆಯ ಡೇಟಾಬೇಸು ಅಪ್‌ಗ್ರೇಡ್ ಮಾಡಿದ ಮಾತ್ರಕ್ಕೆ ಬದಲಾಗುವುದಿಲ್ಲ. ಆಲ್ಟರ್ ಡೇಟಾಬೇಸ್ ಎಂದರೆ ಇನ್ನು ಹುಟ್ಟುವ ಟೇಬಲ್ಲುಗಳಿಗೆ ಮಾತ್ರ, ಇರುವ ಒಂದೊಂದು ಟೇಬಲ್ಲಿಗೂ ಆಲ್ಟರ್ ಟೇಬಲ್, ಕನ್ವರ್ಟ್ ಟು ಕ್ಯಾರೆಕ್ಟರ್ ಸೆಟ್ ಕೊಡಬೇಕು. ಕನೆಕ್ಷನ್ನಿನ ಚಾರ್‌ಸೆಟ್ಟನ್ನೂ ಬದಲಿಸಬೇಕು. ಅಷ್ಟರಲ್ಲಿ ಹಳೆಯ ಇನ್ನೋಡಿಬಿ ಎರರ್ 1071, ‘ಕೀ ತುಂಬ ಉದ್ದ’ ಎಂದು ತಕರಾರು ತೆಗೆಯುತ್ತದೆ. ಬೇಗ ಹುಡುಕಲು ಅದು ಇಡುವ ಇಂಡೆಕ್ಸಿನ ಮಿತಿ 767 ಬೈಟು. 255 ಅಕ್ಷರಕ್ಕೆ ಮೂರರಂತೆ 765, ಹೇಗೋ ಹಿಡಿಯುತ್ತಿತ್ತು. ನಾಲ್ಕರಂತೆ 1020. ಹಾಗಾಗಿ ಇಂಡೆಕ್ಸನ್ನು 191 ಅಕ್ಷರಕ್ಕೆ ಇಳಿಸಬೇಕು, ಇಲ್ಲವೇ ರೋ ಫಾರ್ಮ್ಯಾಟ್ ಡೈನಾಮಿಕ್ ಇರುವ 5.7 ಅಥವಾ ಅದಕ್ಕಿಂತ ಹೊಸ ಆವೃತ್ತಿಗೆ ಏರಬೇಕು, ಅಲ್ಲಿ 3072 ಬೈಟು ಸಿಗುತ್ತದೆ.

ಇದಕ್ಕೆಲ್ಲ ಮೊದಲು ಬ್ಯಾಕಪ್, ಅದನ್ನು ತೆಗೆಯುವ ಕಮಾಂಡು ಮೈಎಸ್‌ಕ್ಯೂಎಲ್‌ಡಂಪ್. ಹಳೆಯ ಮೈಎಸ್‌ಕ್ಯೂಎಲ್‌ಡಂಪ್ ತಾನೂ ಮೂರು ಬೈಟಿನದ್ದೇ. ಡಿಫಾಲ್ಟ್ ಕ್ಯಾರೆಕ್ಟರ್ ಸೆಟ್ ಎಂಬಿ4 ಎಂದು ಹೇಳದಿದ್ದರೆ ಸರಿ ಇದ್ದ ಇಮೋಜಿಯೂ ಡಂಪಿನಲ್ಲಿ ಪ್ರಶ್ನೆಯಾಗುತ್ತದೆ. ಡಂಪ್ ಒಂದನ್ನೇ ತೆಗೆದು ನಿಶ್ಚಿಂತೆಯಾಗಿ ಮಲಗುವವರು ಗಮನಿಸಿ: ಸಂದೇಶ, ಅಟ್ಯಾಚ್‌ಮೆಂಟ್ ಎಲ್ಲ ಟ್ರ್ಯಾಕರಿನ ಫೋಲ್ಡರಿನ ಒಳಗೆ ಬೇರೆ ಉಂಟು, ಅದನ್ನೂ ಕಾಪಿ ಮಾಡಬೇಕು. ಈಗಾಗಲೇ ಪ್ರಶ್ನೆಯಾದ ನಮಸ್ಕಾರಗಳು ಮಾತ್ರ ವಾಪಸು ಬರುವುದಿಲ್ಲ. ಅಲ್ಲಿ ಈಗ ಇರುವುದು ನಿಜವಾದ ಪ್ರಶ್ನಾರ್ಥಕ ಚಿಹ್ನೆಯೇ.

ಮಧ್ಯಾಹ್ನ ಮೂರಕ್ಕೆ ಕನ್ವರ್ಟ್ ಮುಗಿಯಿತು. ಮೂರೂ ಐದಕ್ಕೆ ಅಕ್ಕನ ಹೊಸ ಟಿಕೆಟ್. ಟೈಟಲ್ಲಿನಲ್ಲಿ ಸಾಲಾಗಿ ಐದು ನಮಸ್ಕಾರ, 20 ಬೈಟು, ಒಂದೂ ಉದುರದೆ ಬಂದಿದೆ. ಏನು ಕೆಟ್ಟಿದೆ ಎಂದು ಬರೆಯಲಿಕ್ಕೆ ಮರೆತಿದ್ದಾರೆ.