ಶೇಗಡಿ ಕೊಳ್ಳುವಾಗ ತಗಡಿನ ದಪ್ಪ ನೋಡಿ

ಮನೆ ಹೊರಗೆ ಕಟ್ಟಿಗೆ ಹಾಕಿ ಅಡುಗೆ ಮಾಡಲು ಅಗಲವಾದ, ಆಳ ಕಡಿಮೆ ಇರುವ ಶೇಗಡಿಯೇ (ಎತ್ತಿಡಬಹುದಾದ ಕಬ್ಬಿಣದ ಒಲೆ) ಒಳ್ಳೆಯದು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಮ್ಮ ಗದಗ ಕಡೆ ಅದು ಅಷ್ಟು ಹೊಂದುವುದಿಲ್ಲ. ಕಪ್ಪತಗುಡ್ಡದಲ್ಲಿ ಗಾಳಿಯಂತ್ರ ಸುಮ್ನೆ ನಿಲ್ಲಿಸಿದ್ದಾರಾ? ಅದೇ ಗಾಳಿ ನಮ್ಮ ಹೊಲಕ್ಕೂ ಬೀಸುತ್ತದೆ. ಬೂದಿ ರೊಟ್ಟಿ ಮೇಲೆ, ಕಿಡಿ ಕಣಕಿ (ಒಣ ಜೋಳದ ದಂಟು) ಬಣವೆ ಮೇಲೆ. ಅಂಚು ಒಂದು ಗೇಣಾದರೂ ಎತ್ತರ ಇರಬೇಕು.

ಇನ್ನು ತಗಡು. ಸಂತೆಯಲ್ಲಿ ಸಸ್ತಾ ಸಿಕ್ಕಿತು ಎಂದು ನಾನು ಮೊದಲು ತೆಳು ತಗಡಿನದು ತಂದಿದ್ದೆ. ಎರಡು ಸಲ ಜಾಲಿ ಕಟ್ಟಿಗೆ ಉರಿಸಿದ್ದಷ್ಟೇ, ತಳ ಸೊಟ್ಟಗಾಗಿ ಪಾತ್ರೆ ಅಲ್ಲಾಡತೊಡಗಿತು. ಜಾಲಿ ಕೆಂಡದ ಕಾವು ಜಾಸ್ತಿ, ಬಹಳ ಹೊತ್ತು ಆರುವುದೂ ಇಲ್ಲ. ಆಮೇಲೆ ವೆಲ್ಡಿಂಗ್ ಅಂಗಡಿಯಲ್ಲಿ 3 ಮಿ.ಮೀ. ಕಬ್ಬಿಣದ ಪ್ಲೇಟಿನಲ್ಲಿ ಮಾಡಿಸಿದೆ. ಒಳಗೆ ಕಟ್ಟಿಗೆ ಇಡಲು ಸರಳಿನ ಜಾಳಿಗೆ, ಅದರ ಕೆಳಗೆ ಗಾಳಿ ಆಡಲು, ಬೂದಿ ತೆಗೆಯಲು ಒಂದು ಬಾಯಿ. ಭಾರ ಹೌದು, ಇಬ್ಬರು ಎತ್ತಬೇಕು. ಬೀಡಿನ (ಎರಕದ ಕಬ್ಬಿಣದ) ಶೇಗಡಿ ಕಾವು ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಆದರೆ ಕಾದಾಗ ತಣ್ಣೀರು ಬಿದ್ದರೆ ಸೀಳು ಬಿಡಬಹುದು.

ನಿಮ್ಮ ಲೇಖನದಲ್ಲಿ ಒಂದು ಮಾತು ಬಿಟ್ಟುಹೋಗಿದೆ. ಸತುವಿನ ಲೇಪ ಇರುವ ಹಳೆ ಬಕೆಟ್‌ನಲ್ಲಿ ಬೆಂಕಿ ಹಾಕಬೇಡಿ. ಅದು ಜೋರಾಗಿ ಕಾದರೆ ಬರುವ ಹೊಗೆ ಮೈಗೆ ಕೆಟ್ಟದ್ದು. ಪೇಂಟ್ ಬಳಿದ ಡ್ರಮ್ಮಾದರೆ ಮೊದಲು ಬಣ್ಣ ಪೂರ್ತಿ ತೆಗೆಯಬೇಕು.

ಸೀತನಿ (ಹಸಿ ಜೋಳದ ತೆನೆ) ಸುಡಲು ಮಾತ್ರ ಇದ್ಯಾವುದೂ ಬೇಡ, ಅಲ್ವಾ? ಹೊಲದಲ್ಲೇ ತಗ್ಗು ತೋಡಿ ಕುಳ್ಳಿನ ಕೆಂಡ ಮಾಡಿದರೆ ಆಯಿತು. ಆ ದಿನ ನಮ್ಮ ಶೇಗಡಿ ಮನೆಯಲ್ಲೇ ಇರುತ್ತದೆ.