ಕಾರಿನಲ್ಲಿ ಕಾರಿದರೆ ಕಾಸು

ಕನ್ನಡದಲ್ಲಿ ‘ಕಾರು’ ಅಂದರೆ ನಾಲ್ಕು ಗಾಲಿಯ ಗಾಡಿ. ‘ಕಾರು’ ಅಂದರೆ ವಾಂತಿ ಮಾಡು ಅಂತಲೂ ಹೌದು. ಆ ಗಾಡಿ ನಮ್ಮೂರಿಗೆ ಬರುವ ಎಷ್ಟೋ ಮುಂಚೆಯೇ ಹಿರಿಯರು ಅದರೊಳಗೆ ಏನಾಗಬಹುದು ಅಂತ ಊಹಿಸಿ ಪದ ಕಾದಿರಿಸಿದ್ದರೋ ಏನೋ. ನನ್ನ ಮಗನಿಗೆ ಏಳು ವರ್ಷ, ವ್ಯಾಕರಣ ಇನ್ನೂ ಶುರುವಾಗಿಲ್ಲ. ಆದರೂ ಹೋದ ಭಾನುವಾರ ಎರಡೂ ಅರ್ಥಗಳನ್ನು ಒಂದೇ ಸೀಟಿನ ಮೇಲೆ ಕೂಡಿಸಿ ತೋರಿಸಿದ.

ಹುಬ್ಬಳ್ಳಿಯಲ್ಲಿ ತಂಗಿಯ ಕುಬಸ, ಅಂದರೆ ಸೀಮಂತ. ಧಾರವಾಡದಿಂದ 20 ಕಿಲೋಮೀಟರ್ ದಾರಿ, ಚಿಗರಿ ಬಸ್ಸಿನಲ್ಲಿ ಸುಮ್ನೆ ಹೋಗಬಹುದಿತ್ತು. ಆದರೆ ಉಡಿ ತುಂಬುವ ಸಾಮಾನು, ಹೊಸ ಇಳಕಲ್ ಸೀರೆ, ಹೆಂಡತಿಯ ಮರ್ಯಾದೆ, ಮೂರೂ ಇದ್ದವು. ಆಪ್‌ನಲ್ಲಿ ಟ್ಯಾಕ್ಸಿ ಕರೆಸಿದೆ. ಗಾಡಿ ಬರುವಷ್ಟರಲ್ಲಿ ಮಗ ಒಂದು ಪ್ಲೇಟ್ ಚುರುಮುರಿ ಗಿರಮಿಟ್, ಎರಡು ಮಿರ್ಚಿ ಮುಗಿಸಿ ಮೇಲೊಂದು ಫೇಡೆ ಹಾಕಿಕೊಂಡ. ಹತ್ತಿದ ಕೂಡಲೇ ಮೊಬೈಲ್‌ನಲ್ಲಿ ಕಾರ್ಟೂನ್.

ಇಂಥ ಹೊತ್ತಲ್ಲಿ ದೇಹದೊಳಗೆ ಒಂದು ವ್ಯಾಜ್ಯ ನಡೆಯುತ್ತದಂತೆ. ಕಣ್ಣು ಮೊಬೈಲ್ ನೋಡುತ್ತ ‘ನಾವು ಕೂತಲ್ಲೇ ಕೂತಿದ್ದೇವೆ’ ಅನ್ನುತ್ತದೆ. ಒಳಗಿವಿ ‘ಇಲ್ಲ, ಅಲ್ಲಾಡುತ್ತಾ ಹೋಗುತ್ತಿದ್ದೇವೆ’ ಅನ್ನುತ್ತದೆ. ನಡುವೆ ಸಿಕ್ಕ ಮಿದುಳು ತೀರ್ಪು ಕೊಡಲಾಗದೆ ಹೊಟ್ಟೆಯ ಕಡೆ ಕೈ ತೋರಿಸುತ್ತದೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಈ ಕಾಟ ಜಾಸ್ತಿ. ರಾಯಾಪುರ ದಾಟುವವರೆಗೂ ವಾದ ನಡೆಯಿತು. ಕಾನೂನು ವಿಶ್ವವಿದ್ಯಾಲಯ ಇರುವ ನವನಗರದ ಹತ್ತಿರ ಇತ್ಯರ್ಥವಾಯಿತು.

‘ಅಪ್ಪಾ, ಹೊಟ್ಟಿ ಹೆಂಗೋ ಆಗಾಕತ್ತೈತಿ’ ಅಂದವನು ಮುಂದಿನ ಮಾತನ್ನು ಬಾಯಿಂದ ಬೇರೆ ರೂಪದಲ್ಲಿ ಹೇಳಿದ.

ಡ್ರೈವರಣ್ಣ ಗಾಡಿ ಬದಿಗೆ ಹಾಕಿದರು. ಸಿಟ್ಟು ಬಂದಿದ್ದು ಕನ್ನಡಿಯಲ್ಲಿ ಕಾಣುತ್ತಿತ್ತು. ಆದರೆ ಬೈಯಲು ಆಗುತ್ತಿರಲಿಲ್ಲ, ಬಾಯ್ತುಂಬ ಗುಟ್ಕಾ ಇತ್ತು. ಬಾಗಿಲು ತೆರೆದು, ರಸ್ತೆಗೆ ಒಂದು ಉದ್ದನೆಯ ಕೆಂಪು ಗೆರೆ ಎಳೆದು, ತುಟಿ ಒರೆಸಿಕೊಂಡು ಆಮೇಲೆ ಹೇಳಿದರು: ‘ಹಿಂಗ ಹೊಲಸ ಮಾಡಿದ್ರ ಹೆಂಗ್ರಿ ಅಣ್ಣಾರ?’

ಅವರ ಕಷ್ಟ ಸುಳ್ಳಲ್ಲ. ಆ ವಾಸನೆಯ ಗಾಡಿಗೆ ಮುಂದಿನ ಗಿರಾಕಿ ಹತ್ತುವುದಿಲ್ಲ, ಹತ್ತಿದರೂ ಒಂದೇ ಸ್ಟಾರ್ ಕೊಡುತ್ತಾನೆ. ನಾನು, ಹೆಂಡತಿ ಸೇರಿ ಪಕ್ಕದ ಹೋಟೆಲಿನಿಂದ ಎರಡು ಬಕೆಟ್ ನೀರು ತಂದು ತೊಳೆದೆವು. ಉಡಿ ಸಾಮಾನಿನ ಹೊಸ ಟಾವೆಲ್ ಹೋಯಿತು. ಕೈಗೆ 200 ರೂಪಾಯಿ ಕೊಟ್ಟೆ, ಅವರೂ ‘ಇರ್ಲಿ ಬಿಡ್ರಿ, ಸಣ್ಣ ಹುಡುಗರು’ ಅಂದರು. ಇಬ್ಬರು ಮನುಷ್ಯರ ನಡುವೆ ಅದು ಅಲ್ಲಿಗೆ ಮುಗಿದಿತ್ತು. ಆದರೆ ತೊಳೆಯುವ ಮೊದಲೇ ಅವರು ಫೋಟೋ ಹೊಡೆದು ಕಂಪನಿಗೆ ಕಳಿಸಿದ್ದರು, ಹಾಗೆ ಮಾಡಬೇಕಂತೆ.

ಕುಬಸದ ಊಟಕ್ಕೆ ಕೂತಾಗ ಮೊಬೈಲ್ ಟಣ್ ಅಂದಿತು. ಪ್ರಯಾಣಕ್ಕೆ 480 ರೂಪಾಯಿ. ಶುಚಿತ್ವ ಶುಲ್ಕ 600. ನೋಡಿ, 30 ರೂಪಾಯಿಯ ಗಿರಮಿಟ್ ಹೊಟ್ಟೆಗೆ ಹೋಗಿ, ಅರ್ಧ ದಾರಿಯಲ್ಲಿ 600ಕ್ಕೆ ಏರಿ ಹೊರಬಂತು. ಇಷ್ಟು ಬೇಗ ಬೆಲೆ ಏರುವ ಸರಕು ಅಮರಗೋಳದ ಎಪಿಎಂಸಿಯಲ್ಲೂ ಇಲ್ಲ.

ದೂರು ಕೊಡೋಣ ಅಂತ ಚಾಟ್ ತೆರೆದೆ. ಅಲ್ಲಿರುವುದು ಮನುಷ್ಯ ಅಲ್ಲ, ಯಂತ್ರ. ಬಹಳ ಮರ್ಯಾದಸ್ಥ ಯಂತ್ರ. ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ಗಲೀಜಿನ ಪ್ರಮಾಣ ಆಯ್ಕೆ ಮಾಡಿ: ಸಣ್ಣ, ಮಧ್ಯಮ, ದೊಡ್ಡ.’ ಮಗನ ಕಡೆ ನೋಡಿದೆ. ಅವನು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ. ಮಧ್ಯಮ ಅಂತ ಒತ್ತಿದೆ. ‘ನಾವೇ ತೊಳೆದಿದ್ದೇವೆ’ ಅಂತ ಬರೆದೆ. ‘ನಿಮ್ಮ ಸಹಕಾರಕ್ಕೆ ಧನ್ಯವಾದ’ ಅಂತ ಬಂತು. ‘ಹಾಗಾದರೆ 600 ಯಾಕೆ?’ ಅಂತ ಕೇಳಿದೆ. ‘ಶುಚಿತ್ವಕ್ಕಾಗಿ.’ ಡ್ರೈವರಣ್ಣನಿಗೆ ಫೋನ್ ಹಚ್ಚಿ, ದುಡ್ಡು ನಿಮಗೆ ಬಂತಾ ಅಂತ ಕೇಳಿದೆ. ‘ಯಾವ ರೊಕ್ಕಾರಿ?’ ಅಂದರು.

ಇಷ್ಟು ಚುರುಕಿನ ವ್ಯವಸ್ಥೆ ಟ್ಯಾಕ್ಸಿಯ ಹಿಂದಿನ ಸೀಟಿಗಷ್ಟೇ ಯಾಕೆ ಅನ್ನೋದು ನನ್ನ ಹೊಟ್ಟೆಕಿಚ್ಚು. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧವಾಯಿತು. ಅವತ್ತಿನಿಂದ ಪಾನ್ ಮಸಾಲಾ ಬೇರೆ, ತಂಬಾಕು ಬೇರೆ ಎರಡು ಚೀಟು ಕೊಂಡು, ಅಂಗೈ ಮೇಲೆ ಮದುವೆ ಮಾಡಿಸಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಸಾರ್ವಜನಿಕ ಜಾಗದಲ್ಲಿ ತಂಬಾಕು ತಿಂದು ಉಗಿದರೆ 1,000 ರೂಪಾಯಿ ದಂಡ ಅಂತ 2025ರಲ್ಲಿ ಕಾಯ್ದೆಯೂ ಬಂತು. ಆ ರಸೀದಿ ಪುಸ್ತಕ ಹೇಗಿದೆ ಅಂತ ನೋಡಿದವರು ನಮ್ಮ ಓಣಿಯಲ್ಲಂತೂ ಯಾರೂ ಇಲ್ಲ. ಸರಕಾರಿ ಕಚೇರಿಗಳಲ್ಲಿ ಮೆಟ್ಟಿಲ ಮೂಲೆ ಕಾಯಲು ದೇವರ ಚಿತ್ರದ ಟೈಲ್ಸ್ ಕೂಡಿಸಿರುತ್ತಾರೆ. ಲಕ್ಷ್ಮಿ, ಗಣಪತಿ, ಪಕ್ಕದಲ್ಲೇ ಮೆಕ್ಕಾ, ಶಿಲುಬೆ. ಎಲ್ಲ ಧರ್ಮದವರನ್ನೂ ಸಂಬಳವಿಲ್ಲದೆ ಡ್ಯೂಟಿಗೆ ಹಾಕಿದ್ದಾರೆ. ದೇವರ ಮೂಗಿನ ಮಟ್ಟಕ್ಕಿಂತ ಒಂದು ಗೇಣು ಕೆಳಗೆ ಉಗುಳು ಶುರುವಾಗುತ್ತದೆ. ಅಷ್ಟರ ಮಟ್ಟಿಗೆ ನಾವು ಆಸ್ತಿಕರು.

ಕೆಂಪು ಬಸ್ಸಿನ ಕಾಲದಲ್ಲಿ ಶುಲ್ಕ ಇರಲಿಲ್ಲ, ಕಿಟಕಿ ಇತ್ತು. ‘ವಾಂತಿ ಬರೋರ್ ಕಿಟಕಿ ಕಡೆ ಸರೀರಿ’ ಅಂತ ಕಂಡಕ್ಟರ್ ಕೂಗುತ್ತಿದ್ದರು. ಗುರುತಿಲ್ಲದ ಅಜ್ಜಿ ಸೆರಗಿನ ಗಂಟು ಬಿಚ್ಚಿ ನಿಂಬೆಹಣ್ಣು ಕೊಡುತ್ತಿದ್ದಳು, ‘ಮೂಸು ತಮ್ಮಾ’ ಅಂತ. ಹಿಂದಿನ ಸೀಟಿನವರ ಗತಿ ಏನು ಅಂತ ಮಾತ್ರ ಕೇಳಬೇಡಿ.

ರಾತ್ರಿ ಕಂಪನಿಯಿಂದ ಸಾಕ್ಷಿಯ ಫೋಟೋ ಬಂತು. ದೊಡ್ಡದು ಮಾಡಿ ನೋಡಿದೆ. ಸೀಟಿನ ಮೇಲೆ ಒಂದು ಕಲೆ, ಸೀಟಿನ ತುದಿಗೆ ಇನ್ನೊಂದು, ತೆರೆದ ಬಾಗಿಲ ಅಂಚಿಗೆ ಮೂರನೆಯದು. ಮಗನನ್ನು ಕರೆದೆ. ಅವನು ಬೆರಳಿಟ್ಟು ಗಂಭೀರವಾಗಿ ಲೆಕ್ಕ ಒಪ್ಪಿಸಿದ.

‘ಚುರುಮುರಿ ಐತಲ್ಲ, ಇದು ನಂದು. ಇದು ಚಾ ಅಪ್ಪಾ, ನಾ ಚಾ ಕುಡಿಯಂಗಿಲ್ಲ. ಕೆಂಪಂದು ಆ ಅಂಕಲ್‌ದು.’

ಅವನ ಹೇಳಿಕೆಯನ್ನು ಹಾಗೇ ಬರೆದು ಕಳಿಸಿದೆ. ಎರಡೇ ನಿಮಿಷಕ್ಕೆ ಉತ್ತರ ಬಂತು: ‘ನಿಮ್ಮ ದೂರನ್ನು ಪರಿಹರಿಸಲಾಗಿದೆ. ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುವಿರಿ?’